ಕೈಲಾಶನ ವೈಫೈ ಬಂದೋಬಸ್ತು

ಲ್ಯಾಪ್‌ಟಾಪಿನ ಪರದೆಯ ನಡುವೆ ಒಂದು ಸಣ್ಣ ಚಕ್ರ ತಿರುಗುತ್ತಲೇ ಇತ್ತು. ಅದರ ಜೊತೆಗೆ ಕೈಲಾಶನ ತಲೆಯೂ ತಿರುಗುತ್ತಿತ್ತು. ಅವನ ಮನೆ ಬೀದರಿನ ಮೈಲೂರದಲ್ಲಿ, ಗುಮಾಸ್ತಿಕೆ ಔರಾದದಲ್ಲಿ. ವರ್ಷಗಟ್ಟಲೆ ಬಸ್ಸಿನ ಕಂಬಿ ಹಿಡಿದು ನಿಂತು ಅವನ ಒಂದು ಭುಜ ಇನ್ನೊಂದಕ್ಕಿಂತ ಮೇಲೇರಿದೆ ಎಂದು ಹೆಂಡತಿ ಉಜ್ವಲಾ ಆಡಿಕೊಳ್ಳುತ್ತಿದ್ದಳು. ಇವತ್ತು ಆನ್‌ಲೈನಿನಲ್ಲಿ ವರ್ಗಾವಣೆ ಕೌನ್ಸೆಲಿಂಗ್. ಬೀದರಿನಲ್ಲಿ ಉಳಿದದ್ದು ಒಂದೇ ಹುದ್ದೆ. ಕೈಲಾಶನದು ಹದಿಮೂರನೇ ನಂಬರು, ಅವನ ಮುಂದೆ ಇನ್ನು ಹನ್ನೆರಡನೆಯವರೊಬ್ಬರೇ. ನಂಬರು ಕರೆದಾಗ ಹಾಜರಿಲ್ಲದಿದ್ದರೆ ಸರದಿ ಹೋದಂತೆಯೇ. ಇಂಥ ಹೊತ್ತಿನಲ್ಲಿ ಸಾಹೇಬರ ಮುಖ ಪರದೆಯ ಮೇಲೆ ಬಾಯಿ ತೆರೆದುಕೊಂಡು ನಿಂತುಬಿಟ್ಟಿತ್ತು.

ಕೈಲಾಶ ಗಾಬರಿಯಿಂದ ಸಹೋದ್ಯೋಗಿ ಅಮಿತಕುಮಾರನಿಗೆ ಫೋನ್ ಹಚ್ಚಿದ. ಕಚೇರಿಯಲ್ಲಿ ಪ್ರಿಂಟರು ಕೆಮ್ಮಿದರೂ ಎಲ್ಲರೂ ಕರೆಯುವುದು ಅಮಿತಕುಮಾರನನ್ನೇ. ನೆಟ್ ಎಂದರೆ ನಳದ ನೀರಿದ್ದಂತೆ, ಒಂದೇ ಪೈಪಿಗೆ ಹತ್ತು ಮಂದಿ ಕೊಡ ಹಿಡಿದರೆ ಧಾರೆ ಸಣ್ಣದಾಗುತ್ತದೆ ಎಂದು ಅವನು ವಿವರಿಸಿದ. ನೆಟ್ ಹಂಚುವ ರೌಟರ್ ಡಬ್ಬಿಗೆ ತನ್ನದೇ ಒಂದು ಪುಟ ಇರುತ್ತದೆ, ಯಾರ್ಯಾರು ಅದಕ್ಕೆ ಅಂಟಿಕೊಂಡಿದ್ದಾರೆಂದು ಅಲ್ಲಿ ಕಾಣುತ್ತದೆ ಎಂದು ಹೇಳಿ, ಆ ಪುಟದ ನಂಬರು ಕೊಟ್ಟ. ಪಾಸ್‌ವರ್ಡ್ ಗೊತ್ತಿಲ್ಲವೆಂದಾಗ, ಕಂಪನಿಯವರು ಇಟ್ಟದ್ದನ್ನು ಮನೆಯವರು ಬದಲಿಸುವುದೇ ಇಲ್ಲ, 'ಅಡ್ಮಿನ್' ಎಂದು ಹೊಡೆದು ನೋಡಿ ಎಂದ. ಹೊಡೆದದ್ದೇ ತಡ, ಪುಟ ತೆರೆದುಕೊಂಡಿತು.

"ಎಷ್ಟು ಕಾಣಸ್ತಾವ್ರಿ ಕೈಲಾಶಣ್ಣ?"

"ಒಂಬತ್ತು ಅವ. ಮನ್ಯಾಗ ನಾವಿಬ್ಬರ ಅದೇವಲ್ಲೋ."

"ಹಂಗಾದ್ರ ಉಳದವ್ರು ಕಳ್ಳರು. ಬ್ಲಾಕ್ ಒತ್ತರಿ."

ಕೈಲಾಶನ ರಕ್ತ ಕುದಿಯಿತು. ಮೊದಲನೆಯದನ್ನು ಬ್ಲಾಕ್ ಮಾಡಿದ ಕೂಡಲೇ ಪಕ್ಕದ ಬದ್ರೋದ್ದೀನ ಚಾಚಾನ ಮನೆಯಲ್ಲಿ ಜೋರಾಗಿ ನಡೆದಿದ್ದ ಟಿವಿ ಗಪ್ಪಾಯಿತು. ಎರಡನೆಯದಕ್ಕೆ ಅದೇ ಮನೆಯಿಂದ ಯಾರೋ ಕೂಗಿಕೊಂಡರು. ಮೂರನೆಯದಕ್ಕೆ ಅಲ್ಲಿ ಓಡಾಟವೇ ಶುರುವಾಯಿತು. ಇಷ್ಟು ದಿನ ಸಭ್ಯಸ್ಥನೆಂದು ಸಲಾಂ ಹೊಡೆದ ಚಾಚಾ ತನ್ನ ವೈಫೈ ಕದಿಯುತ್ತಿದ್ದನಲ್ಲ ಎಂದು ಕೈಲಾಶ ಹೆಂಡತಿಯ ಮುಂದೆ ಹಲ್ಲು ಕಡಿದ. ಗೋಡೆಯಾಚೆಯ ಗದ್ದಲ ಏರಿದಷ್ಟೂ ಸಾಹೇಬರ ಮುಖ ತಿಳಿಯಾಗುತ್ತ ಬಂತು. ಆ ಹುಮ್ಮಸ್ಸಿನಲ್ಲಿ ಅವನು ಉಜ್ವಲಾಳ ಫೋನನ್ನೂ ತನ್ನ ಫೋನನ್ನೂ ಬಿಡಲಿಲ್ಲ. ಕೊನೆಗೆ ಉಳಿದದ್ದು ಅವನ ಲ್ಯಾಪ್‌ಟಾಪ್ ಒಂದೇ.

ಸಾಹೇಬರು ಹನ್ನೆರಡನೇ ನಂಬರನ್ನು ಕರೆದರು. ಉತ್ತರವಿಲ್ಲ. ಮತ್ತೆ ಕರೆದರು, ಮತ್ತೂ ಒಮ್ಮೆ ಕರೆದರು. ಆಮೇಲೆ ಹದಿಮೂರು ಎಂದರು. ಕೈಲಾಶ ಕುರ್ಚಿಯಿಂದ ಎದ್ದು ನಿಂತೇ ಬೀದರ ಎಂದ, ಸಾಹೇಬರು ಆಗಲಿ ಎಂದರು. ಉಜ್ವಲಾ ಓಡಿಬಂದು ಅವನ ಬಾಯಿಗೆ ಒಂದು ಚಮಚ ಸಕ್ಕರೆ ಸುರಿದಳು.

ಅಷ್ಟರಲ್ಲಿ ಬದ್ರೋದ್ದೀನ ಚಾಚಾ ಬಾಗಿಲಿಗೆ ಬಂದ. ಜೊತೆಗೆ ಲ್ಯಾಪ್‌ಟಾಪ್ ಹಿಡಿದ ಮಗ ಒವೈಸ. ಹಿಂದೆ, ಸೆರಗಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು ತಲೆ ತಗ್ಗಿಸಿ ನಿಂತ ಹೊಸ ಸೊಸೆ ಕುಬರಾ. ಅವಳು ದಿನಾ ಭಾಲ್ಕಿಗೆ ಯಾವುದೋ ಕೆಲಸಕ್ಕೆ ಹೋಗುತ್ತಾಳೆಂದಷ್ಟೇ ಕೈಲಾಶನಿಗೆ ಗೊತ್ತಿತ್ತು. ಕಳ್ಳರೇ ಒಪ್ಪಿಕೊಳ್ಳಲು ಬಂದರೆಂದು ಅವನು ಎದೆಯುಬ್ಬಿಸಿದ.

"ಭಾಯಿ, ನಮ್ಮ ನೆಟ್ ಯಾರೋ ಬಂದ್ ಮಾಡ್ಯಾರ್ರಿ," ಎಂದ ಒವೈಸ. "ನಮ್ಮ ಡಬ್ಬಿಗಿ ವೈರ್ ಹಚ್ಚಿ ನೋಡಿದ್ನಿ. ಮನ್ಯಾಗಿಂದು ಎಲ್ಲಾ ಬ್ಲಾಕ್ ಅವ. ಚಾಲೂ ಇದ್ದದ್ದು ಒಂದ. ಅದರ ಹೆಸರು 'ಕೈಲಾಶ ಲ್ಯಾಪ್‌ಟಾಪ್' ಅಂತ ಅದರಿ."

ಕೈಲಾಶ ತಿರುಗಿ ಗೂಡಿನಲ್ಲಿದ್ದ ತನ್ನ ರೌಟರ್ ನೋಡಿದ. ಒಂದು ದೀಪವೂ ಉರಿಯುತ್ತಿರಲಿಲ್ಲ. ಸೊಳ್ಳೆ ಮಷಿನ್ನಿಗೆ ಜಾಗ ಬೇಕೆಂದು ಮಳೆಗಾಲದಲ್ಲೇ ಅದರ ಪ್ಲಗ್ ಕಿತ್ತಿದ್ದಾಗಿಯೂ, ನೆಟ್ ಬರುತ್ತಲೇ ಇದ್ದುದರಿಂದ ಡಬ್ಬಿಗೆ ಕರೆಂಟ್ ಬೇಕಿಲ್ಲವೆಂದು ತಿಳಿದದ್ದಾಗಿಯೂ ಉಜ್ವಲಾ ಮೆಲ್ಲಗೆ ಹೇಳಿದಳು. ಕಳೆದ ರಮಜಾನಿನಲ್ಲಿ ಒಂದು ದಿನದ ಮಟ್ಟಿಗೆ ಚಾಚಾನ ಮನೆಯ ಪಾಸ್‌ವರ್ಡ್ ಇಸಿದುಕೊಂಡದ್ದು ಕೈಲಾಶನಿಗೆ ಈಗ ನೆನಪಾಯಿತು. ಅವನು ಮರೆತಿದ್ದ, ಲ್ಯಾಪ್‌ಟಾಪೂ ಫೋನುಗಳೂ ಮರೆತಿರಲಿಲ್ಲ.

ಚಾಚಾ ಬೈಯಲಿಲ್ಲ. ಕುಬರಾಳೂ ಕೈಲಾಶನ ಇಲಾಖೆಯವಳೇ, ಹನ್ನೆರಡನೇ ನಂಬರು ಅವಳದೇ, ಮೊಬೈಲ್ ಸಿಗ್ನಲ್ ಹುಡುಕಿ ಮಾಳಿಗೆ ಹತ್ತುವಷ್ಟರಲ್ಲಿ ಸರದಿ ಹೋಯಿತು, ಎಲ್ಲಾ ನಸೀಬು ಎಂದ. ಕುಬರಾಳ ಭುಜ ಸಣ್ಣಗೆ ಅಲುಗುತ್ತಿತ್ತು. ಅದನ್ನು ನೋಡಿ ಅವಳು ಅಳುತ್ತಿದ್ದಾಳೆಂದು ಕೈಲಾಶನಿಗೆ ಅನಿಸಿತು. ಯಾರೂ ಕೇಳದಿದ್ದರೂ ಅವನೇ ಸಾಹೇಬರಿಗೆ ಫೋನ್ ಹಚ್ಚಿದ.

"ಸರ್, ಹನ್ನೆರಡನೇ ನಂಬರಿನವ್ರ ನೆಟ್ ಬಂದ್ ಮಾಡಿದಾವ ನಾನರಿ. ಅವ್ರದೇನೂ ತಪ್ಪಿಲ್ರಿ."

ಸಾಹೇಬರು ಮನಸಾರೆ ಬೈದರು. ಪಟ್ಟಿಗೆ ಇನ್ನೂ ಸಹಿ ಬಿದ್ದಿರಲಿಲ್ಲವಾದ್ದರಿಂದ ಹನ್ನೆರಡನೇ ನಂಬರನ್ನು ಮತ್ತೆ ಕರೆದರು. ಕೈಲಾಶನ ಲ್ಯಾಪ್‌ಟಾಪಿನ ಮುಂದೆಯೇ ಕುಬರಾ ಕೂತಳು, ಮಗ್ಗುಲಲ್ಲಿ ಮಾವ. ಬೀದರ ಎಂದು ಕೇಳಿಸಿಯೂ ಕೇಳಿಸದಂತೆ ಅಂದಳು. ಕೈಲಾಶನಿಗೆ ಔರಾದವೇ ಉಳಿಯಿತು, ಕುಬರಾ ಬಿಟ್ಟ ಭಾಲ್ಕಿಯ ಹುದ್ದೆ ಮುಂದಿನ ವರ್ಷದ ಪಟ್ಟಿಗೆ ಎಂದರು ಸಾಹೇಬರು. ಆದರೂ ಎದೆಯ ಮೇಲಿನ ಭಾರ ಇಳಿದು ಅವನಿಗೆ ಹಗುರೆನಿಸಿತು. ಒವೈಸ ಬ್ಲಾಕ್ ತೆಗೆದ, ಚಾಚಾ ಕೈಲಾಶನನ್ನು ಅಪ್ಪಿಕೊಂಡು ದುವಾ ಹೇಳಿದ, ಅಪ್ಪ ಮಗ ಇಬ್ಬರೂ ಮನೆಗೆ ನಡೆದರು.

ಕುಬರಾ ಹೊಸ್ತಿಲಲ್ಲೇ ನಿಂತಳು.

"ಭಾಯಿ, ಫೋನ್ ಮಾಡ್ಲಾಕ ನಿಮ್ಗ ಯಾರು ಹೇಳಿದ್ರು? ಭಾಲ್ಕಿದಾಗ ನಮ್ಮ ಆಫೀಸಿನ ಹಿಂದ ನನ್ನ ತವರಮನಿ ಅದ. ದಿನಾ ಮಧ್ಯಾಹ್ನ ಅಮ್ಮಿ ಕೈಯಾಂದು ಬಿಸಿ ರೊಟ್ಟಿ ತಿಂತಿದ್ನಿ. ಇನ್ನ ಇಲ್ಲಿ ಮಧ್ಯಾಹ್ನ ಮನಿಗಿ ಓಡಿಬಂದು ಎಲ್ಲಾರಿಗೂ ನಾನ ರೊಟ್ಟಿ ಬಡೀಬೇಕು. ಮಾವನ ಮುಂದ ಬ್ಯಾಡ ಅನ್ಲಾಕ ಬಾಯಿ ಬರಲಿಲ್ಲ. ನೆಟ್ ಹೋದ ಮ್ಯಾಲ ಮಾಳಗಿ ಮೆಟ್ಟಲಾ ಎಷ್ಟು ಮೆಲ್ಲಕ ಏರಿದ್ನಿ ಗೊತ್ತದ?"

ಕೈಲಾಶ ಒಂದು ಹೆಜ್ಜೆ ಮುಂದೆ ಬಂದ.

"ಮತ್ತ ಆಗ ತಲಿ ಬಗ್ಗಿಸಿ ಅಳ್ತಿದ್ದೆಲ್ಲವಾ?"

"ಅಳ್ತಿದ್ದಿಲ್ರಿ ಭಾಯಿ," ಎಂದಳು ಕುಬರಾ. "ನಗು ತಡೀಲಾಕ ಆಗ್ತಿದ್ದಿಲ್ಲ."