ಯಕೃತ್ತಿಗೆ ಹೆದರಿದ ತಮ್ಮ

2004ರ ಜೂನ್, ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಹುಬ್ಬಳ್ಳಿಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಹಾಜರಿದ್ದವರು ನಾನು, ನನ್ನ ತಮ್ಮ, ಅವನ ಹೆಂಡತಿ. ತಮ್ಮ ಹಾಜರಿದ್ದ ಎಂಬುದೇ ಪವಾಡ! ಕಳ್ಳರು ಪೊಲೀಸರಿಂದ ತಪ್ಪಿಸಿಕೊಳ್ಳುತ್ತಾರೆ. ಇವನು ತನ್ನ ಯಕೃತ್ತಿನಿಂದಲೇ ತಪ್ಪಿಸಿಕೊಂಡು ತಿರುಗುವ ಮನುಷ್ಯ.

ರಕ್ತದಲ್ಲಿ ಯಕೃತ್ತನ್ನು ಕಾಡುವ ಹೆಪಟೈಟಿಸ್ ಬಿ ವೈರಸ್ ಇದೆಯೆಂದು ಗೊತ್ತಾದ ದಿನದಿಂದ, ಬೆಳಿಗ್ಗೆ ದೇವರಿಗಿಂತ ಮೊದಲು ಕನ್ನಡಿಯಲ್ಲಿ ತನ್ನ ಕಣ್ಣು ನೋಡಿಕೊಳ್ಳುತ್ತಿದ್ದ. ಹಳದಿ ಇಲ್ಲವೇ? ಹಾಗಾದರೆ ರೋಗವೂ ಇಲ್ಲ! ಮದುವೆ ಊಟಕ್ಕೆ ಸ್ವಂತ ತಟ್ಟೆ ಒಯ್ಯುತ್ತಿದ್ದ. ಕೂಡಿ ಉಂಡರೆ ಇದು ಹತ್ತುವುದಿಲ್ಲ, ರಕ್ತದಿಂದ ಹತ್ತುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ಕ್ಷೌರಕ್ಕೆ ಸ್ವಂತ ಬ್ಲೇಡನ್ನೂ ಒಯ್ಯತೊಡಗಿದ. ತಟ್ಟೆ ಬಿಟ್ಟನೇ? ಇಲ್ಲ!

ಅವನದು ಸೀರೆ ಅಂಗಡಿ. ಒಮ್ಮೆ ಡಾಕ್ಟರು ಅವನಿಗೆ ತಿಳಿಯುವಂತೆಯೇ ಕೇಳಿದ್ದರು: "ಸಾಹುಕಾರ್ರ, ಸೀರಿ ಮ್ಯಾಲಿನ ಕಲಿ ತೊಳದ್ರ ಹೋಗ್ತದ. ನೇಯುವಾಗನ ಬ್ಯಾರೆ ಎಳಿ ಕೂಡಿದ್ರ?"

"ಅದು ಹೋಗೂದಿಲ್ರಿ."

"ಹಂಗ ಈ ವೈರಸ್ಸಿನ ತುಣುಕು ಯಕೃತ್ತಿನ ಜೀವಕೋಶದ ಡಿಎನ್‌ಎದಾಗ ಸೇರಿ ಕುಂತಿರ್ತದ. ಅದರಿಂದ ಬೆಳವಣಿಗಿ ಲಗಾಮು ತಪ್ಪಿದ್ರ ಕ್ಯಾನ್ಸರ್ ಗಡ್ಡಿ ಆಗಬಹುದು. ಕಣ್ಣು ಬೆಳ್ಳಗಿದ್ರೂ ಆಗಬಹುದು. ಆರಾರು ತಿಂಗಳಿಗೆ ಸ್ಕ್ಯಾನ್ ಬೇಕs ಬೇಕು."

ಪರಿಣಾಮ? ಸ್ಕ್ಯಾನಿಗೆ ಕರೆದಾಗಲೆಲ್ಲ ಹೆಬ್ಬಳ್ಳಿ ಎಂಬ ಹಳ್ಳಿಯಲ್ಲಿ ಬೀಗರೊಬ್ಬರು ತೀರಿಕೊಳ್ಳತೊಡಗಿದರು. ನಮಗೆ ಹೆಬ್ಬಳ್ಳಿಯಲ್ಲಿ ಬೀಗರೇ ಇಲ್ಲ!

ಆ ಸೋಮವಾರ ಕೂಡ ಸೆಂಟರಿನ ಬಾಗಿಲಲ್ಲಿ ಹಟ ಹಿಡಿದ. "ಅಣ್ಣಾ, ಮೊದಲ ನಿನ್ನ ರಕ್ತ ತಪಾಸ ಮಾಡಿಸು. ಆಮ್ಯಾಲ ನಾ ಮಲಗ್ತೀನಿ."

"ಹುಚ್ಚಪ್ಪಾ, ರೋಗ ನಿನಗೋ ನನಗೋ?"

"ಕೊಟ್ಟಬಿಡ್ರಿ ಭಾವಾರ," ಎಂದಳು ಅವನ ಹೆಂಡತಿ. "ಇಲ್ಲಂದ್ರ ಇವ್ರು ಹೊಳ್ಳಿ ಓಡ್ತಾರ."

ಇದೂ ಒಂದು ನೆಪವೆಂದುಕೊಂಡು ಕೊಟ್ಟೆ. ಅರ್ಧ ಗಂಟೆಯಲ್ಲಿ ಫಲಿತಾಂಶ ಬಂತು. ನನ್ನಲ್ಲಿ ವೈರಸ್ ಇರಲಿಲ್ಲ.

ತಮ್ಮ ನನ್ನ ಕೈ ಹಿಡಿದ. "ಹೊಟ್ಟಿ ಬಾತು ಅವ್ವ ಹ್ವಾದಳಲ್ಲ... ಅಕಿಗೂ ಇದs ಇದ್ದೀತು. ಹಡಿಯುವಾಗ ತಾಯಿಂದನೂ ಬರ್ತದಂತ. ನಿನಗೂ ಬಂದಿದ್ರ ಹೆಂಗಂತ ನನಗ ನಿದ್ದೀನs ಹತ್ತತಿದ್ದಿಲ್ಲ." ಹಾಗೆಂದವನು ತಾನಾಗಿಯೇ ಒಳಗೆ ಹೋಗಿ ಮಲಗಿದ; ನಾನು ಪಕ್ಕದಲ್ಲಿ ನಿಂತೆ.

ಡಾಕ್ಟರು ಅವನ ಹೊಟ್ಟೆಗೆ ಜೆಲ್ಲಿ ಸವರಿ, ಬಲಪಕ್ಕೆಯ ಕೆಳಗೆ ಯಂತ್ರದ ಹಿಡಿ ಆಡಿಸುತ್ತ ಒಂದೆಡೆ ಕೈ ನಿಲ್ಲಿಸಿದರು. ಹಿಡಿಯನ್ನು ಮುಂದೆ ಸರಿಸಿ, ಮತ್ತೆ ಅಲ್ಲಿಗೇ ತಂದರು. "ಉಸಿರು ಹಿಡೀರಿ." ಹೇಳಿದ್ದು ಅವನಿಗೆ, ಹಿಡಿದವನು ನಾನು!

"ಸದ್ಯ ಗಡ್ಡಿ ಇಲ್ಲ. ಡಿಸೆಂಬರದಾಗ ತಪ್ಪದ ಬರ್ರಿ."

ತಮ್ಮ ಇನ್ನೂ ಮಲಗಿಯೇ ಇದ್ದ. ನಾನು ಇಸ್ತ್ರಿಯ ಕರವಸ್ತ್ರ ಬಿಚ್ಚಿ, ಚಿಕ್ಕಂದಿನಲ್ಲಿ ಅವನ ಮೂಗು ಒರೆಸುತ್ತಿದ್ದಂತೆ, ಹೊಟ್ಟೆಯ ಮೇಲಿನ ತಣ್ಣನೆಯ ಜೆಲ್ಲಿಯನ್ನೆಲ್ಲ ಒರೆಸಿ, ಅಂಗಿಯ ಗುಂಡಿ ಹಾಕಿದೆ.