ಮಾವನ ವಾಚಿಗೆ ಹೊಸ ಸೆಲ್ಲು

ಆ ಭಾನುವಾರ ಬೆಳಿಗ್ಗೆ ಮುಖ ತೊಳೆಯಲು ಹೋದ ಗಡಿಬಿಡಿರಾಯ ಬರೀ ಮುಖ ತೊಳೆದುಕೊಂಡು ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅವನ ಕಣ್ಣು ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಬಿತ್ತು. ಅಲ್ಲಿ ಸೋಪಿನ ಡಬ್ಬಿಗೆ ಒರಗಿಕೊಂಡು ಮಾವನ ಕೈಗಡಿಯಾರ ಕೂತಿತ್ತು. ಅದರ ಸೆಕೆಂಡಿನ ಮುಳ್ಳು ಅಲ್ಲಾಡುತ್ತಿರಲಿಲ್ಲ.

ಗಡಿಬಿಡಿರಾಯ ಎಂಬುದು ಆಫೀಸಿನವರು ಇಟ್ಟ ಹೆಸರು. ಈಗ ಬೀದಿಯವರೂ ಹಾಗೇ ಕರೆಯುತ್ತಿದ್ದರು. ಟಪಾಲು ವಿಭಾಗದಲ್ಲಿ ಉಳಿದವರ ಕುರ್ಚಿಯ ಬೆತ್ತವೆಲ್ಲ ಹರಿದು ಜೋತುಬಿದ್ದಿದ್ದರೂ ಅವನ ಕುರ್ಚಿ ಮಾತ್ರ ಹೊಸದರ ಹಾಗಿತ್ತು. ಕೂತರೆ ತಾನೆ ಹರಿಯುವುದು! ಲಿಫ್ಟಿನ ಗುಂಡಿಯನ್ನು ಏಳು ಸಲ ಒತ್ತುವವನು, ಹಾಲು ಉಕ್ಕಲಿಲ್ಲವೆಂದು ಹಾಲಿನ ಮೇಲೆ ರೇಗುವವನು. ಇವತ್ತಂತೂ ಬಿಸಿ ಕಾವಲಿಯ ಮೇಲೆ ಬಿದ್ದ ನೀರಿನ ಹನಿಯಾಗಿದ್ದ. ಕಾರಣ, ಮೂರು ವಾರದಿಂದ ಮನೆಯಲ್ಲಿದ್ದ ಮಾವ ಸಂಜೆ ನಾಲ್ಕರ ಬಸ್ಸಿಗೆ ತಮ್ಮ ಊರಿಗೆ ಹೊರಡುವವರಿದ್ದರು.

ಮಾವ ಕೆಟ್ಟವರಲ್ಲ. ಮೂವತ್ತಾರು ವರ್ಷ ಬಟ್ಟೆ ಗಿರಣಿಯಲ್ಲಿ ಟೈಮ್‌ಕೀಪರ್ ಆಗಿ, ಕೆಲಸಗಾರರ ಹಾಜರಿ ಹಾಕಿ, ಹೊತ್ತಿಗೆ ಸರಿಯಾಗಿ ಸೈರನ್ ಕೂಗಿಸಿ ನಿವೃತ್ತರಾದವರು. ಅವರ ದೋಷ ಒಂದೇ. ಅಳಿಯ ಏನು ಮಾಡಿದರೂ ಎದುರಿಗೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ. ಅವರು ನೋಡುತ್ತಿರುವಾಗಲೇ ಅವನು ನಲ್ಲಿಯ ವಾಷರ್ ಬದಲಿಸಲು ಹೋಗಿ ನಲ್ಲಿಯನ್ನೇ ಕಿತ್ತಿದ್ದ. ಬಾಗಿಲ ಚಿಲಕ ಸರಿಮಾಡಲು ಹೋಗಿ ತಾನು ಒಳಗೆ, ಉಳಿದವರೆಲ್ಲ ಹೊರಗೆ ಆಗಿದ್ದರು. ಆಗಲೂ ಮಾವ ಕಿಟಕಿಯಿಂದ ನೋಡುತ್ತಲೇ ಇದ್ದರು.

ಇದೆಲ್ಲ ನೆನಪಿದ್ದದ್ದರಿಂದಲೇ ಹೆಂಡತಿ ಹೊರಡುವಾಗ ಹೇಳಿದ್ದಳು: "ನೋಡಿ, ಅಪ್ಪನ್ನ ಕ್ಷೌರದಂಗಡಿಗೆ ಕರ್ಕೊಂಡ್ಹೋಗಿ, ಹಾಗೇ ಪೇಟೇಲಿ ಅವರಿಗೊಂದು ಚಪ್ಪಲಿ ಕೊಡಿಸ್ಕೊಂಡು ಬರ್ತೀನಿ. ನೀವು ಸುಮ್ನೆ ಕೂತಿರಿ. ಏನನ್ನೂ ರಿಪೇರಿ ಮಾಡ್ಬೇಡಿ."

ಕ್ಷೌರದ ಕೂದಲು ಪಟ್ಟಿಗೆ ಸಿಗುತ್ತದೆಂದು ಮಾವ ವಾಚನ್ನು ಬಿಚ್ಚಿಟ್ಟು ಹೋಗಿದ್ದರು. ಗಡಿಬಿಡಿರಾಯ ಅದನ್ನು ಕಿವಿಗೆ ಹಿಡಿದ. ಸದ್ದಿಲ್ಲ. 'ಪಾಪ, ಸೆಲ್ಲು ಹೋಗಿದೆ. ಹೊರಡೋ ಹೊತ್ತಿಗೆ ಓಡೋ ವಾಚನ್ನ ಕೈಗಿಟ್ಟರೆ ನಲ್ಲಿ, ಚಿಲಕ ಎಲ್ಲಾ ಮರೆತುಹೋಗುತ್ತೆ' ಅಂದುಕೊಂಡ. ವಾಚಿನಂಗಡಿಗೆ ಭಾನುವಾರ ರಜ. ಮೊಬೈಲು ತೆರೆದ. ಅದರಲ್ಲಿ ಒಬ್ಬ ಶಾಂತ ಮನುಷ್ಯ ಎರಡು ನಿಮಿಷದಲ್ಲಿ ಹಿಂಬದಿಯ ಮುಚ್ಚಳ ತೆಗೆದು, ಸೆಲ್ಲು ಬದಲಿಸಿ, ಮುಚ್ಚಿ, ನಕ್ಕ. ಗಡಿಬಿಡಿರಾಯ ಆ ಎರಡು ನಿಮಿಷವನ್ನೂ ಓಡಿಸಿ ಓಡಿಸಿ ನಲವತ್ತು ಸೆಕೆಂಡಿನಲ್ಲಿ ನೋಡಿ ಮುಗಿಸಿದ.

ತರಕಾರಿ ಹೆಚ್ಚುವ ಚಾಕು ತಂದು ಮುಚ್ಚಳದ ಸಂದಿಗೆ ತೂರಿಸಿದ. ಬರಲಿಲ್ಲ. ವಾಚನ್ನು ತೊಡೆಗಳ ನಡುವೆ ಒತ್ತಿ ಹಿಡಿದು ಮೀಟಿದ. ಚಾಕು ಜಾರಿ ಹೆಬ್ಬೆರಳು ಕೊಯ್ಯಿತು. "ಅಯ್ಯಮ್ಮ!" ಎಂದು ಕೈ ಕೊಡವಿದ ರಭಸಕ್ಕೆ ಮುಚ್ಚಳ ಟಣ್ಣನೆ ಹಾರಿ, ನೆಲದ ಮೇಲೆ ಬುಗುರಿಯಂತೆ ತಿರುಗಿ, ಬಟ್ಟೆಯ ಬೀರುವಿನ ಕೆಳಗೆ ಹೊಕ್ಕಿತು.

ಬೀರು ಎಳೆಯುವ ಸದ್ದಿಗೆ ಮೇಲಿನ ಮನೆಯ ಮೇಷ್ಟ್ರು ಇಳಿದು ಬಂದರು. ಅವರು ಮೂವತ್ತು ವರ್ಷ ಭೂಗೋಳ ಕಲಿಸಿದವರು.

"ಏನ್ರೀ ರಾಯರೇ, ಮನೆ ಖಾಲಿ ಮಾಡ್ತಿದ್ದೀರಾ?"

"ಇಲ್ಲ ಮೇಷ್ಟ್ರೇ, ವಾಚಿಗೆ ಸೆಲ್ಲು ಹಾಕ್ತಿದ್ದೀನಿ."

"ಬೀರು ಸರಿಸಿ?" ಎಂದು ಮೇಷ್ಟ್ರು ಒಂದು ಕ್ಷಣ ಯೋಚಿಸಿದರು. ಆಮೇಲೆ ವಿಷಯ ತಿಳಿದು ಕೈ ಬೆನ್ನಿಗೆ ಕಟ್ಟಿ ನಿಂತರು. "ಹಾಗಲ್ಲ, ಉತ್ತರಕ್ಕೆ ಎಳೀರಿ. ಅದು ದಕ್ಷಿಣ! ನಿಮ್ಮ ಬೆನ್ನು ಇರೋದು ಉತ್ತರ."

ಯಾವ ದಿಕ್ಕಿಗೋ ಎಳೆದು ಮುಚ್ಚಳ ಸಿಕ್ಕಿತು. ವಾಚಿನ ಹೊಟ್ಟೆಯೊಳಗೆ ನೋಡಿದರೆ ಹಳೇ ಸೆಲ್ಲು ಬೆಳ್ಳಗೆ ಉಪ್ಪು ಕಟ್ಟಿಕೊಂಡು ಕಚ್ಚಿ ಕೂತಿತ್ತು. ಚಾಕುವಿನ ತುದಿಗೆ ಬಗ್ಗಲಿಲ್ಲ. "ತಾಳಿ, ಇದಕ್ಕೆ ಚಿಮುಟ ಬೇಕು" ಎಂದು ಮೇಷ್ಟ್ರು ಎದುರು ಮನೆಯ ಟೈಲರ್ ಅಕ್ಕನನ್ನು ಕೂಗಿದರು. ಅಕ್ಕ ಚಿಮುಟ ಹಿಡಿದು, ಕೊರಳಿಗೆ ಟೇಪು ನೇತುಹಾಕಿಕೊಂಡೇ ಬಂದಳು. ಒಳಗೆ ಇಣುಕಿ ನೋಡಿ ಹಿಂದೆ ಸರಿದಳು.

"ಇದು ನನ್ನ ಕೈಲಿ ಆಗೋದಲ್ಲಪ್ಪ. ಹಲ್ಲು ಕಿತ್ತ ಹಾಗೆ ಕೀಳ್ಬೇಕು ಇದನ್ನ."

ಹಲ್ಲು ಎಂದ ಮೇಲೆ ಮುಗಿಯಿತು. ಕೆಳ ಅಂತಸ್ತಿನಲ್ಲೇ ಹಲ್ಲಿನ ಡಾಕ್ಟರ ಕ್ಲಿನಿಕ್ಕಿತ್ತು. ರಜೆಯ ದಿನ ಒಬ್ಬರೇ ಕೂತು ಬೇಸತ್ತಿದ್ದ ಡಾಕ್ಟರು ಕರೆದ ತಕ್ಷಣ ಹಣೆಗೆ ದೀಪ, ಕಣ್ಣಿಗೆ ಭೂತಗನ್ನಡಿ, ಕೈಗೆ ಪೆಟ್ಟಿಗೆ ಏರಿಸಿಕೊಂಡು ಬಂದರು. ಕಿರುಚಲಾರದ ರೋಗಿ ಸಿಕ್ಕಿದ ಸಂತೋಷ ಅವರ ಮುಖದ ಮೇಲೆ ಎದ್ದು ಕಾಣುತ್ತಿತ್ತು.

"ಎಷ್ಟು ದಿನದಿಂದ ನೋವು... ಅಲ್ಲ, ಎಷ್ಟು ದಿನದಿಂದ ನಿಂತಿದೆ?"

"ಗೊತ್ತಿಲ್ಲ ಡಾಕ್ಟ್ರೇ, ಬೇಗ ತೆಗೀರಿ. ಹನ್ನೊಂದೂವರೆ ಆಯ್ತು."

ಡಾಕ್ಟರು ಸೂಜಿಯಂಥ ಕೊಕ್ಕೆಯಿಂದ ಕೆರೆದರು, ಕಚ್ಚಿಕೊಂಡಿದ್ದ ತಗಡಿನ ನಾಲಿಗೆಯನ್ನು ಒತ್ತಿದರು, ಒಮ್ಮೆ ತಿರುವಿದರು. ಸೆಲ್ಲು ಎದ್ದು ಬಂತು. "ಬೇರಿನ ಸಮೇತ!" ಎಂದು ಎತ್ತಿ ತೋರಿಸಿದರು. ಅಭ್ಯಾಸಬಲದಿಂದ ಅದನ್ನು ಪುಟ್ಟ ಬ್ರಷ್ಷಿನಿಂದ ಉಜ್ಜಿ ಪಾಲಿಶ್ ಕೂಡ ಹಾಕಿ, "ಈಗ ನಂಬರು ಓದಬಹುದು. ಇದೇ ಅಳತೆಯದು ತನ್ನಿ" ಎಂದರು.

ಗಡಿಬಿಡಿರಾಯ ಅದನ್ನು ಜೇಬಿಗೆ ಹಾಕಿಕೊಂಡು ಬೀದಿಯ ಕೊನೆಯ ಸ್ಟೇಷನರಿ ಅಂಗಡಿಗೆ ಓಡಿದ. ಒಂದೇ ಸೆಲ್ಲಿನ ಪ್ಯಾಕೆಟ್ಟು ಹಿಡಿದು, ದಾರಿಯಲ್ಲೇ ಅದನ್ನು ಹಲ್ಲಿನಿಂದ ಹರಿದು, ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದು, ಪ್ಯಾಂಟಿನ ಜೇಬಿನಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದ. ಹಳೇ ಸೆಲ್ಲು, ಹೊಸ ಸೆಲ್ಲು ಎರಡೂ ಒಟ್ಟಿಗೆ ಉರುಳಿದವು. ಎರಡೂ ಫಳಫಳ.

"ಹೊಸದು ಯಾವ್ದು?" ಅಂದಳು ಟೈಲರ್ ಅಕ್ಕ.

ಎಲ್ಲರೂ ಡಾಕ್ಟರ ಪಾಲಿಶ್ ಬ್ರಷ್ಷನ್ನು ನೋಡಿದರು. ಡಾಕ್ಟರು ಅದನ್ನು ಮೆಲ್ಲಗೆ ಪೆಟ್ಟಿಗೆಯೊಳಗೆ ಇಟ್ಟುಕೊಂಡರು.

"ಇದೇನು ಮಹಾ" ಎಂದು ಮೇಷ್ಟ್ರು ಮುಂದೆ ಬಂದರು. "ಜೀವ ಇರೋ ಸೆಲ್ಲು ನಾಲಿಗೆಗೆ ಇಟ್ಟರೆ ಚುರುಗುಟ್ಟುತ್ತೆ." ಬೇಡ ಬೇಡ ಎನ್ನುವಷ್ಟರಲ್ಲಿ ಒಂದನ್ನು ನಾಲಿಗೆಗೆ ಇಟ್ಟು ತೆಗೆದರು. "ಇದು ಸತ್ತಿದೆ." ಎರಡನೆಯದನ್ನು ಇಟ್ಟರು. "ಆಹಾ! ಇದೇ..." ಎಂದವರಿಗೆ ಅದೇ ಹೊತ್ತಿಗೆ ಬಿಕ್ಕಳಿಕೆ ಬಂತು. ಬಾಯಿ ಮುಚ್ಚಿತು. ತೆರೆದಾಗ ಸೆಲ್ಲು ಇರಲಿಲ್ಲ.

"ನುಂಗಿಬಿಟ್ರು!" ಎಂದು ಅಕ್ಕ ಚೀರಿದಳು. ಗಡಿಬಿಡಿರಾಯ ಮೇಷ್ಟ್ರ ಬೆನ್ನಿಗೆ ಗುದ್ದತೊಡಗಿದ. ಗುದ್ದುತ್ತಲೇ ಗೋಡೆಯತ್ತ ನೋಡಿ, "ಹನ್ನೆರಡೂಕಾಲು!" ಎಂದು ನರಳಿದ. ಅವನಿಗೆ ಮೇಷ್ಟ್ರ ಚಿಂತೆಯೋ ಸೆಲ್ಲಿನ ಚಿಂತೆಯೋ ಅವನಿಗೇ ತಿಳಿಯಲಿಲ್ಲ. ಡಾಕ್ಟರು ಮಾತ್ರ ಗಾಬರಿಯಾಗದೆ ಮೇಷ್ಟ್ರ ಗಲ್ಲ ಹಿಡಿದು, "ಆ ಅನ್ನಿ" ಎಂದು ದೀಪ ಬಿಟ್ಟರು. ಮೇಷ್ಟ್ರ ಮೇಲಿನ ಸಾಲು ಕಟ್ಟಿಸಿದ್ದು. ಡಾಕ್ಟರು ಆ ಇಡೀ ಸಾಲನ್ನೇ ಕಳಚಿ ತಿರುಗಿಸಿದರು. ಅಂಗುಳಿನ ಕಡೆ ಸೆಲ್ಲು ಅಂಟಿಕೊಂಡು ಕೂತಿತ್ತು.

"ಈ ಸೆಟ್ಟು ನಾನು ಮಾಡಿದ್ದಲ್ಲ" ಎಂದು ಡಾಕ್ಟರು ಎಲ್ಲರಿಗೂ ಸ್ಪಷ್ಟಪಡಿಸಿದರು. "ನಾನು ಮಾಡಿದ್ರೆ ಸಂದಿ ಇರ್ತಿರ್ಲಿಲ್ಲ."

ಸೆಲ್ಲನ್ನು ಒರೆಸಿ ವಾಚಿನೊಳಗೆ ಕೂರಿಸಿದ್ದೇ ಸೆಕೆಂಡಿನ ಮುಳ್ಳು ಒಮ್ಮೆ ನಡುಗಿ, ನಡೆಯತೊಡಗಿತು. ನಾಲ್ಕೂ ಜನ ಉಸಿರು ಬಿಟ್ಟರು. ಇನ್ನು ಮುಚ್ಚಳ ಒತ್ತಿದರಾಯಿತು.

ಮುಚ್ಚಳ ಕೂರಲಿಲ್ಲ. ಗಡಿಬಿಡಿರಾಯ ಹೆಬ್ಬೆರಳಿಟ್ಟು ಒತ್ತಿದ, ಗಾಯ ಬಿಚ್ಚಿಕೊಂಡಿತು. ಮೇಷ್ಟ್ರು ಹಲ್ಲಿನ ಸಾಲನ್ನು ಜೇಬಿನಲ್ಲಿಟ್ಟುಕೊಂಡೇ ಒತ್ತಿದರು. ಟೈಲರ್ ಅಕ್ಕ ತನ್ನ ಭಾರದ ಇಸ್ತ್ರಿಪೆಟ್ಟಿಗೆ ತಂದು ಮೇಲಿಟ್ಟಳು. ಒಂದು ಕಡೆ ಕೂತರೆ ಇನ್ನೊಂದು ಕಡೆ ಏಳುತ್ತಿತ್ತು, ಚಿಕ್ಕ ಹೊದಿಕೆಯಂತೆ.

"ಕೆಳಗೆ ನಡೀರಿ" ಎಂದರು ಡಾಕ್ಟರು. "ಹಲ್ಲಿನ ಸೆಟ್ಟಿನ ಅಚ್ಚು ಒತ್ತೋ ಯಂತ್ರ ಇದೆ ನನ್ನ ಹತ್ರ."

ಮೆರವಣಿಗೆ ಕೆಳಗಿಳಿಯಿತು. ಮುಂದೆ ದೀಪದ ಡಾಕ್ಟರು, ನಡುವೆ ವಾಚನ್ನು ಅಂಗೈಯಲ್ಲಿ ಮೊಟ್ಟೆಯಂತೆ ಹಿಡಿದ ಗಡಿಬಿಡಿರಾಯ, ಹಿಂದೆ ಬೊಚ್ಚುಬಾಯಿಯ ಮೇಷ್ಟ್ರು ಮತ್ತು ಟೇಪಿನ ಅಕ್ಕ. ಯಂತ್ರದ ಎರಡು ಕಬ್ಬಿಣದ ತುಟಿಗಳ ನಡುವೆ ಬಟ್ಟೆ ಹಾಸಿ ವಾಚನ್ನು ಮಲಗಿಸಿದರು. ಡಾಕ್ಟರು ಹಿಡಿಕೆ ತಿರುಗಿಸಿದರು. ಗಡಿಬಿಡಿರಾಯ ಕಣ್ಣು ಮುಚ್ಚಿ ಒಂದು ಕಾಲಿನ ಮೇಲೆ ನಿಂತ.

ಟಕ್.

ಗಾಜು ಒಡೆದಿರಲಿಲ್ಲ. ಮುಚ್ಚಳ ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಕೂತಿತ್ತು. ಮುಳ್ಳು ಓಡುತ್ತಿತ್ತು. ಗಡಿಬಿಡಿರಾಯ ಡಾಕ್ಟರನ್ನು ತಬ್ಬಿಕೊಂಡ, ಮೇಷ್ಟ್ರನ್ನು ತಬ್ಬಿಕೊಂಡ, ಅಕ್ಕನಿಗೆ ಕೈ ಮುಗಿದ. ವಾಚಿನ ಪಕ್ಕದ ತಿರುಪು ಎಳೆದು ಸರಿಯಾದ ಹೊತ್ತು ಇಟ್ಟ: ಒಂದು ಗಂಟೆ ಎಂಟು ನಿಮಿಷ. ಹದಿನೈದು ವರ್ಷದ ಸಂಸಾರದಲ್ಲಿ ಅವನು ರಿಪೇರಿ ಮಾಡಿ, ಅದು ರಿಪೇರಿಯೂ ಆದದ್ದು ಇದೇ ಮೊದಲು.

ಅಷ್ಟರಲ್ಲಿ ಹೆಂಡತಿ ಮತ್ತು ಮಾವ ಗೇಟು ತೆರೆದು ಒಳಗೆ ಬಂದರು. ಮಾವನ ತಲೆ ನುಣ್ಣಗೆ, ಚಪ್ಪಲಿ ಹೊಸದು.

"ಮಾವ, ಕೈ ಕೊಡಿ!" ಎಂದು ಗಡಿಬಿಡಿರಾಯ ಓಡಿಹೋಗಿ ವಾಚನ್ನು ಅವರ ಅಂಗೈಯಲ್ಲಿಟ್ಟ. "ಕಿವಿಗೆ ಹಿಡೀರಿ."

ಮಾವ ಕಿವಿಗೆ ಹಿಡಿದರು. ಅವರ ಮುಖದಿಂದ ರಕ್ತವೆಲ್ಲ ಹೊಸ ಚಪ್ಪಲಿಗೆ ಇಳಿದಂತಾಯಿತು. ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕುಸಿದು ಕೂತರು.

"ರೀ, ಏನ್ರೀ ಮಾಡಿದ್ರಿ!" ಎಂದಳು ಹೆಂಡತಿ.

"ಸೆಲ್ಲು ಹಾಕ್ದೆ. ನಿಂತಿತ್ತಲ್ಲ."

"ಒಂಬತ್ತು ವರ್ಷದಿಂದ ನಿಂತಿದೆ" ಎಂದರು ಮಾವ. ಮೂರು ವಾರದಲ್ಲಿ ಅವರು ಅಳಿಯನ ಕೆಲಸದ ಬಗ್ಗೆ ಬಾಯಿ ತೆರೆದದ್ದು ಆಗಲೇ. "ನಾನು ರಿಟೈರಾದ ದಿನ. ಐದಕ್ಕೆ ಕೊನೇ ಸೈರನ್ ಕೂಗಿಸ್ದೆ. ಆಮೇಲೆ ಸಭೆ. 'ಇವರಿಲ್ಲದೆ ನಮ್ಮ ಗಿರಣಿಯ ಗಡಿಯಾರವೇ ನಿಂತ ಹಾಗೆ' ಅಂತ ಮ್ಯಾನೇಜರು ಭಾಷಣ ಮಾಡ್ತಿದ್ರು. ಸುಮ್ನೆ ಕೈ ನೋಡ್ಕೊಂಡೆ. ಐದು ಹದಿನೇಳು. ವಾಚು ನಿಂತಿತ್ತು. ನನ್ನ ಜೊತೆಗೇ ಅದೂ ರಿಟೈರಾಗಿತ್ತು."

ಟೈಲರ್ ಅಕ್ಕ ಮೂಗು ಒರೆಸಿಕೊಂಡಳು.

"ನಾಳೆ ಊರಲ್ಲಿ ಗಿರಣಿಯ ಹಳೇ ಕೆಲಸಗಾರರೆಲ್ಲ ಸೇರ್ತಿದ್ದಾರೆ. ಇದನ್ನ ಗಾಜಿನ ಪೆಟ್ಟಿಗೇಲಿ ಇಡ್ತಾರೆ. ಹಿತ್ತಾಳೆ ತಗಡಿನ ಮೇಲೆ ಕೆತ್ತಿಸಿಯೂ ಆಗಿದೆ: 'ತಾನಾಗಿ ನಿಂತ ವಾಚು'."

ಗಡಿಬಿಡಿರಾಯ ಸುಮ್ಮನೆ ನಿಲ್ಲುವ ಆಸಾಮಿಯೇ? ವಾಚನ್ನು ಕಸಿದುಕೊಂಡು ಮುಳ್ಳನ್ನು ಗಿರಗಿರ ತಿರುಗಿಸಿ ಐದು ಹದಿನೇಳಕ್ಕೆ ತಂದು, ತಿರುಪನ್ನು ಹೊರಗೆಳೆದ. ಮುಳ್ಳು ನಿಂತಿತು.

"ನೋಡಿ ಮಾವ, ಮೊದಲಿನ ಹಾಗೇ! ಯಾರಿಗೂ ಗೊತ್ತಾಗಲ್ಲ. ಬೇಕಾದ್ರೆ ಡಾಕ್ಟ್ರು ಸೆಲ್ಲನ್ನೂ ಕಿತ್ತುಕೊಡ್ತಾರೆ."

"ಕೀಳ್ತೀನಿ" ಎಂದರು ಡಾಕ್ಟರು, ಆಗಲೇ ದೀಪ ಹಚ್ಚುತ್ತ.

ಮಾವ ಎದ್ದು ನಿಂತರು. ಗಿರಣಿಯ ಬಾಗಿಲಲ್ಲಿ ತಡವಾಗಿ ಬಂದವರನ್ನು ನೋಡುತ್ತಿದ್ದ ನೋಟ ಅವರ ಕಣ್ಣಿಗೆ ಬಂತು.

"ಅಳಿಯಂದ್ರೇ, ಅದು ನಿಲ್ಲಿಸಿದ್ದು. ನಿಂತಿದ್ದಲ್ಲ. ರಿಟೈರಾಗೋದು ಬೇರೆ, ಡಿಸ್ಮಿಸ್ ಮಾಡೋದು ಬೇರೆ. ಮೂವತ್ತಾರು ವರ್ಷ ನಾನು ಒಬ್ಬನನ್ನೂ ಡಿಸ್ಮಿಸ್ ಮಾಡಿಸಿಲ್ಲ. ಕೈಗಡಿಯಾರವನ್ನ ಮಾಡ್ತೀನಾ?" ತಿರುಪನ್ನು ತಾವೇ ಒಳಗೊತ್ತಿ, ವಾಚನ್ನು ಕೈಗೆ ಕಟ್ಟಿಕೊಂಡರು. "ಅದು ತಾನಾಗೇ ನಿಲ್ಲಬೇಕು. ಓಡೋ ವಾಚು ಕಟ್ಕೊಂಡು ಆ ಜನದ ಮುಂದೆ ಹೋಗಿ ನಿಲ್ಲೋಕೆ ನನ್ನ ಕೈಲಾಗಲ್ಲ. ನಿಂತ ದಿನ ಊರಿಗೆ ಹೋಗ್ತೀನಿ. ಮಗಳೇ, ಟಿಕೇಟು ವಾಪಸ್ ಮಾಡು."

ಗಡಿಬಿಡಿರಾಯ ಗಾಬರಿಯಿಂದ ಸುತ್ತಲೂ ನೋಡಿದ. "ಮೇಷ್ಟ್ರೇ, ಸೆಲ್ಲು... ಸೆಲ್ಲು ಎಷ್ಟು ದಿನ ಬರುತ್ತೆ? ಒಂದು ವಾರ? ಹತ್ತು ದಿನ?"

ಮೇಷ್ಟ್ರು ಮೇಲಿನ ಸಾಲನ್ನು ಬಾಯಿಗೆ ಹಾಕಿಕೊಂಡು, ಅವನ ಅಂಗಿಯ ಜೇಬಿನಿಂದ ಹರಿದ ಪ್ಯಾಕೆಟ್ಟನ್ನು ಎಳೆದು, ಹಿಂಬದಿಯ ಸಣ್ಣ ಅಕ್ಷರಗಳನ್ನು ತರಗತಿಗೆ ಓದಿ ಹೇಳುವಂತೆ ಗಟ್ಟಿಯಾಗಿ ಓದಿದರು.

"ಐದು ವರ್ಷ ಖಾತರಿ. ಅದಕ್ಕೂ ಮೊದಲೇ ನಿಂತರೆ ಹೊಸ ಸೆಲ್ಲು ಉಚಿತ."

"ಒಳ್ಳೇ ಮಾಲು" ಎಂದರು ಮಾವ. ಹೊಸ ಚಪ್ಪಲಿಯನ್ನು ಕಿರುಗುಟ್ಟಿಸುತ್ತ ಮೆಟ್ಟಿಲು ಹತ್ತಿ, ಅರ್ಧದಲ್ಲಿ ನಿಂತು ತಿರುಗಿ ಕೇಳಿದರು: "ಅಳಿಯಂದ್ರೇ, ನನ್ನ ಹಾಸಿಗೆ ಎಲ್ಲಿ ಎತ್ತಿಟ್ಟಿದ್ದೀರಿ?"