ತಲೆಯಾಡಿಸುವ ಮಂಡಳಿ

ನಮ್ಮ ಮನೆಯಲ್ಲಿ ನನ್ನ ಮಾತಿಗೆ ಎದುರಾಡುವವರೇ ಇಲ್ಲ ಎಂದು ನಾನು ಜಂಬ ಕೊಚ್ಚಿಕೊಂಡು ತಿರುಗುತ್ತಿದ್ದದ್ದು ನಿಜ. ಆ ಜಂಬ ಹೇಗೆ ತಳ ಹಿಡಿಯಿತು ಎನ್ನುವುದನ್ನು ನಿಮ್ಮ ಹತ್ತಿರವಲ್ಲದೆ ಇನ್ಯಾರ ಹತ್ತಿರ ಹೇಳಲಿ?

ಕಂಪನಿಯೊಂದರ ನಿರ್ದೇಶಕ ಮಂಡಳಿಯ ಸಭೆಗಳಿಗೆ ಕಾಗದಪತ್ರ ಹೊಂದಿಸಿಕೊಡುವುದು ನನ್ನ ಕೆಲಸ. ಅಧ್ಯಕ್ಷರು ಕೆಮ್ಮಿದರೂ ಸುತ್ತ ಕೂತವರು ತಲೆಯಾಡಿಸುವುದನ್ನು ನೋಡಿ ನೋಡಿ, ಕಂಪನಿಯನ್ನು ಆಳುವುದು ಹೇಗೆಂದು ಶಾಸ್ತ್ರೋಕ್ತವಾಗಿ ಕಲಿಯುವ ಹುಚ್ಚು ಹತ್ತಿತು. ಮಗಳು ಕಾಲೇಜಿಗೆ ಸೇರಿದ ವರ್ಷವೇ ನಾನೂ ಕಾರ್ಪೊರೇಟ್ ಆಡಳಿತದ ಸ್ನಾತಕೋತ್ತರ ತರಗತಿಗೆ ಸೇರಿದೆ.

"ಸ್ನಾತಕೋತ್ತರ ಅಂದ್ರೆ ಸ್ನಾನ ಆದ್ಮೇಲೆ ಓದೋದೇನೆ?" ಎಂದರು ಅತ್ತೆ.

"ಪದವಿ ಆದ್ಮೇಲೆ ಓದೋದು, ಅತ್ತೆ."

"ಓದು ಓದು. ಸ್ನಾನಾನೂ ಮಾಡ್ಕೊಂಡೇ ಓದು."

ನನ್ನ ಪ್ರಬಂಧದ ವಿಷಯ 'ನಿರ್ದೇಶಕ ಮಂಡಳಿಗಳಲ್ಲಿ ಮೌನ'. ಎಲ್ಲರೂ ಎಲ್ಲದಕ್ಕೂ ಹೂಂಗುಟ್ಟುತ್ತಿದ್ದರೆ ಒಳಗೆಲ್ಲೋ ಏನೋ ಹಳಸಿದೆ ಎಂದು ಅರ್ಥ. ಇದು ನನ್ನ ಘನ ಸಿದ್ಧಾಂತ. ಊಟದ ಹೊತ್ತಿನಲ್ಲಿ ಇದನ್ನು ಓದಿ ಹೇಳಿದೆ. ಗಂಡ, ಮಗಳು, ಅತ್ತೆ, ಮೂವರೂ ತಲೆಯಾಡಿಸಿದರು. (ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.)

ಬೆಳಿಗ್ಗೆ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಸೌಟು. "ಅಡುಗೆ ಹೇಗಿದೆ ರೀ?" ಎಂದರೆ ಕನ್ನಡಕದಂಗಡಿ ಇಟ್ಟಿರುವ ನನ್ನ ಪತಿರಾಯರು "ಅಮೋಘ!" ಎನ್ನುತ್ತಿದ್ದರು. ಮಗಳು "ಸೂಪರ್ ಅಮ್ಮ" ಎನ್ನುತ್ತಿದ್ದಳು. ಮದುವೆಯಾದಂದಿನಿಂದ ನನ್ನ ಅಡುಗೆಯಲ್ಲಿ ಹುಳುಕು ಹುಡುಕುತ್ತಿದ್ದ ಅತ್ತೆಯೂ "ಚೆನ್ನಾಗಿದೆ ಕಣೇ" ಎನ್ನತೊಡಗಿದರು. ವಿದ್ಯೆಗೆ ಎಂಥ ಗೌರವ, ಎಂದುಕೊಂಡೆ. ನಾನೋ, ತಿನ್ನುವಾಗಲೂ ಪುಸ್ತಕದೊಳಗೇ ಇರುತ್ತಿದ್ದೆ. ಬಾಯಿಗೆ ಹೋದದ್ದರ ಸುದ್ದಿ ನಾಲಿಗೆಗೆ ಮುಟ್ಟುತ್ತಲೇ ಇರಲಿಲ್ಲ.

ಮೌಖಿಕ ಪರೀಕ್ಷೆ ಹತ್ತಿರ ಬಂದಾಗ ಒಂದು ಶನಿವಾರ ಪ್ರೊಫೆಸರರಿಗೆ ಹಲ್ಲುನೋವು ಬಂದು ತರಗತಿ ಬೇಗ ಮುಗಿಯಿತು. ಮನೆಯ ತಿರುವಿನಲ್ಲೇ ಬಾಯಲ್ಲಿ ನೀರೂರಿಸುವ ಒಗ್ಗರಣೆಯ ವಾಸನೆ. ಪಕ್ಕದ ಮನೆಯವರ ಪುಣ್ಯವೇ ಪುಣ್ಯ ಎಂದುಕೊಂಡು ಒಳಗೆ ಹೋದರೆ, ವಾಸನೆ ನಮ್ಮದೇ! ಸೊಂಟಕ್ಕೆ ಟವೆಲ್ ಕಟ್ಟಿ ಪತಿರಾಯರು ಒಲೆಯ ಮುಂದೆ. ಮಗಳು ಈರುಳ್ಳಿ ಹೆಚ್ಚುತ್ತಿದ್ದಾಳೆ. ಅತ್ತೆ ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡುತ್ತಿದ್ದಾರೆ. ಹಿತ್ತಿಲ ಮೆಟ್ಟಿಲ ಮೇಲೆ ನಾನು ಬೆಳಿಗ್ಗೆ ಮಾಡಿಟ್ಟ ಆಲೂಗಡ್ಡೆ ಪಲ್ಯ. ಪಕ್ಕದ ಮನೆಯ ನಾಯಿ ಅದನ್ನು ಮೂಸಿ, ಮುಖ ತಿರುಗಿಸಿ ಹೊರಟುಹೋಯಿತು.

"ಏನ್ರೀ ಇದು?"

ಪತಿರಾಯರ ಕನ್ನಡಕಕ್ಕೆ ಹಬೆ ಕವಿದಿತ್ತು. "ಯಾರದು?" ಎಂದರು.

"ನಿನ್ ಹೆಂಡ್ತಿ ಕಣೋ! ಸಿಕ್ಕಿಬಿದ್ವಿ!" ಎಂದರು ಅತ್ತೆ.

ನಾನು ಬಾಣಲೆಯ ತಳದಲ್ಲಿ ಉಳಿದಿದ್ದ ಆಲೂಗಡ್ಡೆಯ ಚೂರೊಂದನ್ನು ಬಾಯಿಗಿಟ್ಟೆ. ಉಪ್ಪಿನ ಬದಲು ಸಕ್ಕರೆ. ಮೇಲೆ ಧಾರಾಳವಾಗಿ ಸೀದ ರುಚಿ.

"ಇಷ್ಟು ದಿನ ಒಬ್ಬರಾದ್ರೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಪುಸ್ತಕ ಮುಚ್ಚಿಟ್ಟು ಒಲೆ ಮುಂದೆ ನಿಲ್ತಿದ್ದೆ," ಎಂದರು ಅತ್ತೆ. "ನಂಗೆ ಓದೋ ಆಸೆ ಇತ್ತು, ಯಾರೂ ಬಿಡ್ಲಿಲ್ಲ. ನಿನ್ನ ತಡೆದವಳು ಅಂತ ನಾನು ಅನ್ನಿಸ್ಕೋಬೇಕಾ?"

ರೇಗಬೇಕೆಂದು ಬಾಯಿ ತೆರೆದೆ. ಕಣ್ಣು ಮೊದಲು ತುಂಬಿತು. (ಈರುಳ್ಳಿ ಎಂದೆ. ಯಾರೂ ಎದುರಾಡಲಿಲ್ಲ.)

ಸೌಟು ಅಂದಿನಿಂದ ಪತಿರಾಯರ ಕೈಯಲ್ಲೇ ಉಳಿಯಿತು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕೇಳಿದರು: "ಒಳ್ಳೆಯವರೂ ಮಂಡಳಿಯಲ್ಲಿ ಯಾಕೆ ಸುಮ್ನಿರ್ತಾರೆ?"

"ಭಯ, ಲಾಭ, ಸೋಮಾರಿತನ ಅಂತ ಪುಸ್ತಕ ಹೇಳುತ್ತೆ ಸರ್. ಪ್ರೀತಿಯಿಂದಲೂ ಸುಮ್ನಿರ್ತಾರೆ. ಅದನ್ನ ಪತ್ತೆ ಹಚ್ಚೋದು ಎಲ್ಲಕ್ಕಿಂತ ಕಷ್ಟ."

ಅವರು ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿದರು. "ಇದನ್ನ ಎಲ್ಲಿ ಓದಿದ್ರಿ?"

"ಓದಿದ್ದಲ್ಲ ಸರ್, ತಿಂದಿದ್ದು."

ಪ್ರಥಮ ದರ್ಜೆಯಲ್ಲಿ ಪಾಸಾದೆ. ಕೃತಜ್ಞತೆಯಿಂದ ಎದೆಯುಬ್ಬಿ ಮೂವರನ್ನೂ ಕೂರಿಸಿ ಘೋಷಿಸಿದೆ: "ನನಗೋಸ್ಕರ ತುಂಬಾ ಕಷ್ಟಪಟ್ರಿ. ನಾಳೆಯಿಂದ ಅಡುಗೆಯೆಲ್ಲ ನಂದೇ. ಇನ್ಮೇಲೆ ಈ ಮನೇಲಿ ಯಾರೂ ಬಾಯಿ ಮುಚ್ಕೊಂಡಿರಬಾರದು. ಮನಸ್ಸಲ್ಲಿದ್ದದ್ದು ಹೇಳ್ಬೇಕು."

ಮೂವರೂ ಮುಖ ಮುಖ ನೋಡಿಕೊಂಡರು. ಪತಿರಾಯರು ಗಂಟಲು ಸರಿಮಾಡಿಕೊಂಡರು.

"ಅದು... ಪಿಎಚ್‌ಡಿ ಅಂತ ಒಂದಿದೆಯಂತಲ್ಲ?"

"ಎಷ್ಟು ವರ್ಷ ಆಗುತ್ತಮ್ಮ ಅದಕ್ಕೆ?" ಮಗಳ ಕಣ್ಣು ಹೊಳೆಯಿತು.

"ಎಷ್ಟಾದ್ರೂ ಆಗ್ಲಿ," ಎಂದು ಅತ್ತೆ ಎಲ್ಲರಿಗಿಂತ ಮೊದಲು ಕೈ ಎತ್ತಿದರು.